ಅವಳಿ ಮಕ್ಕಳು: ಮನೆತನದ ಪಾತ್ರವೆಷ್ಟು?

ಅವಳಿ ಮಕ್ಕಳ ಜನನವು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಒಂದು ವಿಶೇಷ ಸಂಗತಿಯೇ ಆಗಿದೆ. ರಾಮ-ಲಕ್ಷ್ಮಣ ಎಂದು ಹೆಸರಿಟ್ಟು ಸಂಭ್ರಮಿಸುವ ಮನೆಗಳುಂಟು. (ಲಕ್ಷ್ಮಣನ ಅವಳಿ ಶತ್ರುಘ್ನನೇ ಹೊರತು ರಾಮನಲ್ಲ, ಆದರೂ ರೂಢಿ ಹಾಗೆ ನಡೆದುಬಂದಿದೆ.) ಎರಡು ಕೂಸುಗಳನ್ನು ಒಮ್ಮೆಗೇ ಸಾಕುವುದು ಹೇಗೆಂದು ಚಿಂತಿಸುವ ಮನೆಗಳೂ ಉಂಟು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ವೈದ್ಯರನ್ನು ಆಗಾಗ ಕೇಳುವ ಪ್ರಶ್ನೆಯೊಂದಿದೆ: "ನಮ್ಮ ಯಜಮಾನರ ಮನೆಯಲ್ಲಿ ಅವಳಿಗಳಿದ್ದಾರೆ, ನನಗೂ ಅವಳಿ ಆಗುತ್ತದೆಯೇ?" ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ದಂಪತಿಗಳಿಬ್ಬರೂ ತಿಳಿದಿರುವುದು ಒಳ್ಳೆಯದು.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳಾಗುತ್ತವೆಂದು ಹೇಳಿ, ಹೆಣ್ಣುಮಕ್ಕಳಿಗೆ ಆ ಹಣ್ಣನ್ನು ಕೊಡದಿರುವ ಹಿರಿಯರಿದ್ದಾರೆ. ಹಣ್ಣು ಹೋಗುವುದು ಜಠರಕ್ಕೆ, ಗರ್ಭಕೋಶಕ್ಕಲ್ಲ. ಜೋಡಿಯಾಗಿರಲಿ, ಒಂಟಿಯಾಗಿರಲಿ, ಬಾಳೆಹಣ್ಣನ್ನು ಗರ್ಭಿಣಿಯು ಧಾರಾಳವಾಗಿ ತಿನ್ನಬಹುದು.

ಅವಳಿಗಳಲ್ಲಿ ಎರಡು ಬಗೆಗಳಿವೆ. ಸಾಮಾನ್ಯವಾಗಿ ಸ್ತ್ರೀಯ ಅಂಡಾಶಯದಿಂದ ತಿಂಗಳಿಗೊಂದು ಅಂಡಾಣು ಹೊರಬರುತ್ತದೆ. ಅದು ಪುರುಷನ ಒಂದು ವೀರ್ಯಾಣುವಿನೊಡನೆ ಕೂಡಿ ಒಂದು ಭ್ರೂಣವಾಗುತ್ತದೆ. ಬಹು ಅಪರೂಪವಾಗಿ, ಹೀಗೆ ಉಂಟಾದ ಒಂದೇ ಭ್ರೂಣವು ಮೊದಲ ಕೆಲವು ದಿನಗಳಲ್ಲಿ ಎರಡಾಗಿ ಒಡೆದು ಎರಡು ಮಕ್ಕಳಾಗಿ ಬೆಳೆಯುತ್ತದೆ. ಇಂಥ ಮಕ್ಕಳು ಎರಡೂ ಗಂಡು ಇಲ್ಲವೆ ಎರಡೂ ಹೆಣ್ಣಾಗಿದ್ದು, ಹೆತ್ತವರಿಗೇ ಗುರುತು ತಪ್ಪುವಷ್ಟು ಒಂದನ್ನೊಂದು ಹೋಲುತ್ತವೆ. ಇನ್ನೊಂದು ಬಗೆಯಲ್ಲಿ, ಒಂದೇ ತಿಂಗಳಿನಲ್ಲಿ ಎರಡು ಅಂಡಾಣುಗಳು ಹೊರಬಂದು, ಎರಡು ಬೇರೆ ಬೇರೆ ವೀರ್ಯಾಣುಗಳೊಡನೆ ಕೂಡುತ್ತವೆ. ಈ ಮಕ್ಕಳು ಒಂದೇ ಬಸಿರಿನಲ್ಲಿ ಬೆಳೆದ ಸಾಮಾನ್ಯ ಒಡಹುಟ್ಟಿದವರು ಮಾತ್ರ; ಒಂದು ಗಂಡು, ಒಂದು ಹೆಣ್ಣು ಆಗಲೂಬಹುದು.

ಮೊದಲನೆಯ ಬಗೆಯ ಅವಳಿಗಳು ಲೋಕದ ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಅಂದರೆ ಸಾವಿರ ಹೆರಿಗೆಗಳಿಗೆ 3 ಅಥವಾ 4ರಷ್ಟು ಆಗುತ್ತವೆ. ಇವು ಸಾಮಾನ್ಯವಾಗಿ ಮನೆತನದಲ್ಲಿ ಹರಿದು ಬರುವಂಥವಲ್ಲ. ಮನೆತನದ ಪಾತ್ರವಿರುವುದು ಎರಡನೆಯ ಬಗೆಯಲ್ಲಿ. ಪಶ್ಚಿಮ ಆಫ್ರಿಕಾದ ನೈಜೀರಿಯಾ ದೇಶದ ಯೊರುಬಾ ಜನರಲ್ಲಿ ಈ ಬಗೆಯ ಅವಳಿಗಳು ಬಹಳ ಹೆಚ್ಚು. ನಮ್ಮ ದೇಶದಲ್ಲಿ ಎರಡು ಬಗೆಗಳನ್ನೂ ಸೇರಿಸಿ ಸುಮಾರು ನೂರು ಹೆರಿಗೆಗಳಿಗೆ ಒಂದು ಅವಳಿ ಹೆರಿಗೆ ಎಂದು ಹೇಳಬಹುದು. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೊಡಿಞ್ಞಿ ಎಂಬ ಗ್ರಾಮವು ನೂರಾರು ಜೊತೆ ಅವಳಿಗಳಿಂದಾಗಿ ಹೆಸರುವಾಸಿಯಾಗಿದೆ. ಅಲ್ಲಿನ ನೀರು, ಗಾಳಿ, ಆಹಾರಗಳ ಬಗ್ಗೆ ಎಷ್ಟೋ ಕಥೆಗಳು ಹುಟ್ಟಿವೆಯಾದರೂ ಯಾವುದೂ ರುಜುವಾತಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದೇ ತಿಂಗಳಿನಲ್ಲಿ ಎರಡು ಅಂಡಾಣುಗಳನ್ನು ಬಿಡುವ ಗುಣವು ಸ್ತ್ರೀಯ ದೇಹಕ್ಕೆ ಸೇರಿದ್ದು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಒಂದು ಹಾರ್ಮೋನಿನ ಮೂಲಕ ಅಂಡಾಶಯಕ್ಕೆ ಅಂಡಾಣುವನ್ನು ಪಕ್ವಗೊಳಿಸುವಂತೆ ಆಜ್ಞೆ ಮಾಡುತ್ತದೆ. ಆ ಹಾರ್ಮೋನು ಹೆಚ್ಚಾಗಿದ್ದರೆ, ಅಥವಾ ಅಂಡಾಶಯವು ಅದಕ್ಕೆ ಬೇಗನೆ ಓಗೊಟ್ಟರೆ, ಎರಡು ಅಂಡಾಣುಗಳು ಪಕ್ವವಾಗುವುದುಂಟು. ಈ ಎರಡಕ್ಕೂ ಸಂಬಂಧಿಸಿದ ವಂಶವಾಹಿಗಳನ್ನು ವಿಜ್ಞಾನಿಗಳು 2016ರಲ್ಲಿ ಗುರುತಿಸಿದರು. ಆದುದರಿಂದ ಲೆಕ್ಕಕ್ಕೆ ಬರುವುದು ಹೆಂಡತಿಯ ರಕ್ತಸಂಬಂಧಿಗಳು. ಆಕೆಯ ತಾಯಿ, ಅಕ್ಕತಂಗಿಯರು, ಚಿಕ್ಕಮ್ಮ ದೊಡ್ಡಮ್ಮಂದಿರು ಈ ಬಗೆಯ ಅವಳಿಗಳನ್ನು ಹೆತ್ತಿದ್ದರೆ, ಅಥವಾ ಆಕೆಯೇ ಅಂಥ ಅವಳಿಗಳಲ್ಲಿ ಒಬ್ಬಳಾಗಿದ್ದರೆ, ಆಕೆಗೂ ಅವಳಿಯಾಗುವ ಸಾಧ್ಯತೆ ಹೆಚ್ಚುತ್ತದೆ.

ಗಂಡನ ಮನೆಯಲ್ಲಿ ಅವಳಿಗಳು ಎಷ್ಟೇ ಇದ್ದರೂ ಅದರಿಂದ ಹೆಂಡತಿಯ ಅಂಡಾಶಯವು ಎರಡು ಅಂಡಾಣುಗಳನ್ನು ಬಿಡಲಾರದು. ಅಮೆರಿಕಾದಲ್ಲಿ ಒಂದು ಧಾರ್ಮಿಕ ಸಮುದಾಯದ ವಂಶಾವಳಿ ದಾಖಲೆಗಳನ್ನು ಪರಿಶೀಲಿಸಿ 1964ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ತಾವೇ ಇಂಥ ಅವಳಿಗಳಾಗಿದ್ದ ಸ್ತ್ರೀಯರಲ್ಲಿ 58 ಹೆರಿಗೆಗಳಿಗೆ ಒಂದು ಅವಳಿ ಹೆರಿಗೆಯಾಗಿತ್ತು. ಗಂಡ ಮಾತ್ರ ಅವಳಿಯಾಗಿದ್ದಲ್ಲಿ 116ಕ್ಕೆ ಒಂದು. ಹಾಗಾದರೆ ಗಂಡಿನ ಪಾತ್ರವೇ ಇಲ್ಲವೇ? ಇದೆ, ಆದರೆ ಅದು ತಡವಾಗಿ ಕಾಣಿಸುತ್ತದೆ. ತನ್ನ ತಾಯಿಯಿಂದ ಪಡೆದ ಗುಣವನ್ನು ಗಂಡಸು ತನ್ನೊಳಗೇ ಇಟ್ಟುಕೊಂಡು ಮಗಳಿಗೆ ದಾಟಿಸಬಲ್ಲನು. ಮಗಳು ಬಸಿರಾದಾಗ ಅದು ಹೊರಬೀಳಬಹುದು. 'ಅವಳಿ ಒಂದು ತಲೆಮಾರು ಬಿಟ್ಟು ಬರುತ್ತದೆ' ಎಂಬ ಮಾತು ಹುಟ್ಟಿದ್ದು ಬಹುಶಃ ಇದರಿಂದಲೇ. ಆದರೆ ಅದೇನೂ ಕಟ್ಟುನಿಟ್ಟಿನ ನಿಯಮವಲ್ಲ. ಹೆಂಡತಿಯ ತಂದೆಯ ತಾಯಿಗೆ, ತಂದೆಯ ಅಕ್ಕತಂಗಿಯರಿಗೆ ಅವಳಿಯಾಗಿತ್ತೇ ಎಂಬುದನ್ನೂ ವಿಚಾರಿಸಬೇಕಾದುದು ಈ ಕಾರಣದಿಂದ.

ನಮ್ಮ ನಾಡಿನಲ್ಲಿ ಮತ್ತೊಂದು ತೊಡಕಿದೆ. ಸೋದರಮಾವನನ್ನೇ ಮದುವೆಯಾದ ಹೆಣ್ಣಿಗೆ ಅತ್ತೆಯೇ ತಾಯಿಯ ತಾಯಿ. ಅಲ್ಲಿ ಗಂಡನ ಮನೆಯ ಅವಳಿಗಳು ತವರಿನ ಅವಳಿಗಳೂ ಆಗಿರುವುದರಿಂದ ಅವು ಲೆಕ್ಕಕ್ಕೆ ಬಂದೇ ಬರುತ್ತವೆ. (ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಬೇಡವೆಂದು ವೈದ್ಯರು ಹೇಳುವುದು ಬೇರೆ ಕಾರಣಗಳಿಗಾಗಿ.)

ಸಾಧ್ಯತೆ ಇಮ್ಮಡಿಯಾಯಿತೆಂದು ಕೇಳಿದೊಡನೆ ತೊಟ್ಟಿಲು ಎರಡು ತರಿಸಬೇಕಾಗಿಲ್ಲ. ತಾಯಿಗೋ ಅಕ್ಕನಿಗೋ ಅವಳಿಯಾಗಿರುವ ನೂರು ಮಂದಿ ಸ್ತ್ರೀಯರು ಹೆತ್ತರೆ, ಸುಮಾರು ತೊಂಬತ್ತೆಂಟು ಮಂದಿಗೆ ಒಂದೇ ಮಗು ಹುಟ್ಟುತ್ತದೆ. ಹಾಗೆಯೇ ಮನೆತನದಲ್ಲಿ ಯಾರಿಗೂ ಇಲ್ಲದೆ ಅವಳಿಯಾಗುವುದೂ ಸಾಮಾನ್ಯವೇ. ತಾಯಿಯ ವಯಸ್ಸು 35 ದಾಟಿದಾಗ, ಹಲವು ಹೆರಿಗೆಗಳಾದ ಮೇಲೆ, ಒಮ್ಮೆ ಎರಡು ಅಂಡಾಣುಗಳ ಅವಳಿಯಾಗಿದ್ದಾಗ ಈ ಸಾಧ್ಯತೆ ಹೆಚ್ಚು. ಮಕ್ಕಳಾಗದವರಿಗೆ ಅಂಡಾಣು ಪಕ್ವವಾಗಲೆಂದು ವೈದ್ಯರು ಕೊಡುವ ಮಾತ್ರೆಗಳಿಂದಲೂ ಅವಳಿಗಳಾಗುವುದುಂಟು. ಒಂದೇ ಹೆರಿಗೆಯಲ್ಲಿ ಎರಡು ಮಕ್ಕಳಾಗಿ ಸಂಸಾರ ಪೂರ್ಣವಾಗಲೆಂಬ ಆಸೆಯಿಂದ ಇಂಥ ಮಾತ್ರೆಗಳನ್ನು ತಾವೇ ಅಂಗಡಿಯಿಂದ ತಂದು ನುಂಗುವುದು ಅಪಾಯಕರ. ಅವಳಿ ಬಸಿರು ಸುಲಭದ ಬಸಿರಲ್ಲ.

ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ, ತೂಕವೂ ಕಡಿಮೆ. ತಾಯಿಗೆ ರಕ್ತಹೀನತೆ, ರಕ್ತದೊತ್ತಡ ಏರುವುದು, ಹೆರಿಗೆಯ ಬಳಿಕ ಅತಿಯಾದ ರಕ್ತಸ್ರಾವ ಇವುಗಳ ಭಯ ಹೆಚ್ಚು. ಆದುದರಿಂದ ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಮಾಡಿಸಿಕೊಳ್ಳಿರಿ. ಮೊದಲ ತಪಾಸಣೆಯ ದಿನವೇ ನಿಮ್ಮ ಕಡೆಯ ಅವಳಿಗಳ ವಿಷಯವನ್ನು ಕೇಳುವವರೆಗೂ ಕಾಯದೆ ಹೇಳಿರಿ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರೇ ಉಚಿತವಾಗಿ ಪರೀಕ್ಷಿಸುತ್ತಾರೆ. ಮೂರನೆಯ ತಿಂಗಳ ಕೊನೆಯ ಹೊತ್ತಿಗೆ ಸ್ಕ್ಯಾನಿಂಗ್ ಮಾಡಿಸಿದರೆ ಮಕ್ಕಳೆಷ್ಟು ಎಂಬುದರ ಜೊತೆಗೆ, ಎರಡಕ್ಕೂ ಮಾಸು ಒಂದೆಯೋ ಬೇರೆ ಬೇರೆಯೋ ಎಂಬುದೂ ತಿಳಿಯುತ್ತದೆ. ಒಂದೇ ಮಾಸನ್ನು ಹಂಚಿಕೊಂಡ ಮಕ್ಕಳಲ್ಲಿ ಒಂದರ ರಕ್ತ ಇನ್ನೊಂದಕ್ಕೆ ಹರಿದು ಎರಡಕ್ಕೂ ತೊಂದರೆಯಾಗಬಹುದಾದ್ದರಿಂದ ಅವರನ್ನು ಹೆಚ್ಚು ಸಲ ನೋಡಬೇಕಾಗುತ್ತದೆ. ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿರಿ. ಅದನ್ನು ಹೇಳುವುದನ್ನು 1994ರ ಕಾನೂನು ನಿಷೇಧಿಸಿದೆ.

ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾದೀತೆಂದು ಬಸುರಿಯ ಊಟವನ್ನು ಕಡಿಮೆ ಮಾಡುವ ಪದ್ಧತಿಯು ಅವಳಿ ಬಸಿರಿನಲ್ಲಂತೂ ಘೋರ ಅನ್ಯಾಯ. ರಾಗಿ, ಬೇಳೆಕಾಳು, ಸೊಪ್ಪು, ಹಾಲು, ತಿನ್ನುವವರಾದರೆ ಮೊಟ್ಟೆ, ಇವನ್ನು ಎರಡು ಹೊತ್ತಿಗೆ ಬದಲು ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪವಾಗಿ ಉಣ್ಣಬೇಕು. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪಿಸಬಾರದು. ನೀರು ಹೊರುವುದು, ಸೌದೆ ತರುವುದು ಗಂಡನ ಪಾಲಿಗಿರಲಿ.

ಅವಳಿ ಹೆರಿಗೆ ಮನೆಯಲ್ಲಿ ಸಲ್ಲದು, ಉಪಕೇಂದ್ರದಲ್ಲಿಯೂ ಬೇಡ. ಮೊದಲನೆಯ ಮಗು ಹೊರಬಂದ ಮೇಲೆ ಗರ್ಭಕೋಶದಲ್ಲಿ ಜಾಗ ಹೆಚ್ಚಾಗಿ ಎರಡನೆಯದು ಅಡ್ಡ ತಿರುಗಬಹುದು, ಹೊಕ್ಕುಳಬಳ್ಳಿ ಮುಂದೆ ಜಾರಬಹುದು. ಆಗ ನಿಮಿಷಗಳಲ್ಲಿ ಶಸ್ತ್ರಚಿಕಿತ್ಸೆ ಬೇಕಾದೀತು. ಆದುದರಿಂದ ಶಸ್ತ್ರಚಿಕಿತ್ಸೆ, ರಕ್ತ, ನವಜಾತ ಶಿಶುಗಳ ಆರೈಕೆ ಇರುವ ಆಸ್ಪತ್ರೆಯನ್ನು ಏಳನೆಯ ತಿಂಗಳಿನಲ್ಲಿಯೇ ಗೊತ್ತುಮಾಡಿರಿ. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸೋಣವೆಂದು ವೈದ್ಯರು ಹೇಳಿದರೆ ಕಾರಣ ಕೇಳಿ ತಿಳಿದುಕೊಳ್ಳಿರಿ. 'ಒಳ್ಳೆಯ ದಿನ' ನೋಡುತ್ತ ತಡಮಾಡಬೇಡಿರಿ. ನೀರು ಹೋದರೆ, ರಕ್ತ ಕಂಡರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮಕ್ಕಳ ಮಿಸುಕಾಟ ಕಡಿಮೆಯಾದರೆ 108ಕ್ಕೆ ಕರೆ ಮಾಡಿರಿ.

ಇಬ್ಬರಿಗೂ ತಾಯಿಯ ಹಾಲು ಸಾಲುತ್ತದೆ, ಏಕೆಂದರೆ ಮಕ್ಕಳು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಮೊದಲ ಹಳದಿ ಹಾಲನ್ನು ಚೆಲ್ಲದೆ ಇಬ್ಬರಿಗೂ ಕುಡಿಸಿರಿ. ತೂಕ ಕಡಿಮೆಯಿದ್ದರೆ ಮಗುವನ್ನು ಬರಿಮೈಯಲ್ಲಿ ಎದೆಗವಚಿಕೊಂಡು ಬೆಚ್ಚಗಿಡಬೇಕು. ಒಂದನ್ನು ತಾಯಿ, ಇನ್ನೊಂದನ್ನು ತಂದೆಯೇ ಎದೆಗವಚಿಕೊಳ್ಳಬಹುದು. ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷಗಳ ಬಿಡುವು ಬೇಕೆಂದಿದ್ದರೆ, ಅಥವಾ ಇಷ್ಟೇ ಮಕ್ಕಳು ಸಾಕೆಂದಿದ್ದರೆ, ಹೆರಿಗೆಯಾದ ಆಸ್ಪತ್ರೆಯಿಂದ ಹೊರಡುವ ಮುನ್ನವೇ ಕಾಪರ್-ಟಿ, ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದು ನಿಮಗೆ ತಕ್ಕುದೆಂದು ಗಂಡಹೆಂಡಿರಿಬ್ಬರೂ ಕುಳಿತು ವೈದ್ಯರೊಡನೆ ಮಾತನಾಡಿರಿ.