ಕೂದಲೆಳೆಯಷ್ಟು ಅಂತರ

ಮೋಟಾರು ಸೈಕಲ್ಲಿನ ಯಂತ್ರದಿಂದ 'ಟಿಕ್ ಟಿಕ್' ಎಂಬ ಸಣ್ಣ ಸದ್ದು ಕೇಳಿಬಂದೊಡನೆ ಸವಾರನ ಮನಸ್ಸು ಅಳುಕುತ್ತದೆ. ಬೀದಿಯ ಮೂಲೆಯ ರಿಪೇರಿ ಅಂಗಡಿಯ ಹುಡುಗ ಸ್ಪ್ಯಾನರ್ ಹಿಡಿದು ಟ್ಯಾಪೆಟ್ಟಿನ ತಿರುಪನ್ನು ಬಿಗಿದು, ಆ ಸದ್ದನ್ನು ಅಡಗಿಸಿಬಿಡುತ್ತಾನೆ. ಯಜಮಾನನಿಗೆ ಸಮಾಧಾನ. ಆದರೆ ಯಂತ್ರದ ಆಯುಷ್ಯ ಕ್ಷೀಣಿಸತೊಡಗುವುದು ಎಷ್ಟೋ ವೇಳೆ ಆ ಸಮಾಧಾನದ ಗಳಿಗೆಯಿಂದಲೇ!

ಫೋರ್‌ಸ್ಟ್ರೋಕ್ ಯಂತ್ರದ ನೆತ್ತಿಯಲ್ಲಿ ಸಾಮಾನ್ಯವಾಗಿ ಎರಡು ಕವಾಟಗಳು. ಒಂದು, ಪೆಟ್ರೋಲು-ಗಾಳಿಗಳ ಮಿಶ್ರಣವನ್ನು ಒಳಕ್ಕೆ ಬಿಡುವ ಮುಂಬಾಗಿಲು. ಇನ್ನೊಂದು, ಉರಿದ ಹೊಗೆಯನ್ನು ಹೊರದೂಡುವ ಹಿತ್ತಿಲ ಬಾಗಿಲು. ಯಂತ್ರ ನಿಮಿಷಕ್ಕೆ 5000 ಸುತ್ತು ತಿರುಗುವಾಗ ಪ್ರತಿಯೊಂದು ಬಾಗಿಲೂ 2500 ಸಲ ತೆರೆದು ಮುಚ್ಚುತ್ತದೆ. ಕಾದ ಲೋಹ ಹಿಗ್ಗುವುದು ಸಹಜ. ಆದುದರಿಂದಲೇ ಕವಾಟದ ದಂಡಿನ ತುದಿಗೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವೆ ಕೊಂಚ ಬಿಡುವು ಇರಬೇಕು. ಅನೇಕ ಸಣ್ಣ ಯಂತ್ರಗಳಲ್ಲಿ ಅದು 0.05ರಿಂದ 0.10 ಮಿಲಿಮೀಟರು, ಅಕ್ಷರಶಃ ಕೂದಲೆಳೆಯಷ್ಟು ಅಂತರ.

ಈ ಅಂತರ ಹೆಚ್ಚಾದರೆ ಸದ್ದು ಕೇಳಿಸುತ್ತದೆ, ಶಕ್ತಿ ತುಸು ಕುಂದುತ್ತದೆ. ಇಲ್ಲವಾದರೆ ಬಾಗಿಲು ಪೂರ್ತಿ ಮುಚ್ಚದು. ಹೊಗೆಯ ಕವಾಟ ತನ್ನ ತಾಪವನ್ನು ಕಳೆದುಕೊಳ್ಳುವುದು ಬಹುಮಟ್ಟಿಗೆ ಪೀಠದ ಮೇಲೆ ಒತ್ತಿ ಕುಳಿತಾಗ. ಕೂರಲು ಎಡೆಯಿಲ್ಲದಿದ್ದರೆ ಸಂದಿನಿಂದ ನುಗ್ಗುವ ಬೆಂಕಿಗೆ ಅದರ ಅಂಚೇ ಸುಟ್ಟುಹೋಗುತ್ತದೆ. ಸಡಿಲಾದ ಕವಾಟ ಕೂಗಿ ದೂರುತ್ತದೆ; ಬಿಗಿಯಾದದ್ದು ಸದ್ದಿಲ್ಲದೆ ಬೇಯುತ್ತದೆ.

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಸವಾರರಿಗೆ ಈ ಚಿಂತೆ ಇರಲಿಲ್ಲ. ಅವುಗಳ ಟೂಸ್ಟ್ರೋಕ್ ಯಂತ್ರಕ್ಕೆ ಇಂಥ ಕವಾಟಗಳೇ ಇರಲಿಲ್ಲವಷ್ಟೆ. ಮದರಾಸಿನ ಹಳೆಯ ಬುಲೆಟ್ಟಿನವರು ಮಾತ್ರ ಪುಶ್‌ರಾಡನ್ನು ಎರಡು ಬೆರಳುಗಳಿಂದ ಹಿಡಿದು, ಅದು ಸರಾಗವಾಗಿ ಹೊರಳುವುದೇ, ಮೇಲೆ ಕೆಳಗೆ ಅಲುಗದೆ ಇರುವುದೇ ಎಂದು ನೋಡುತ್ತಿದ್ದರು. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂದ ಬಳಿಕ ಫೋರ್‌ಸ್ಟ್ರೋಕ್ ಯಂತ್ರ ಮಧ್ಯಮವರ್ಗದ ಅಂಗಳಕ್ಕೂ ಕಾಲಿಟ್ಟಿತು. ಕವಾಟದ ಆರೈಕೆಯೂ ಜೊತೆಗೇ ಬಂದಿತು.

ಈ ಜಾತಿಯ ಯಂತ್ರಕ್ಕೆ ಬೇಕಾದ ಸಲಕರಣೆಗಳು ಹೆಚ್ಚೇನಲ್ಲ: ಅಳತೆಗೆ ಸರಿಹೊಂದುವ ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್, ತಿರುಪಿನ ಚೌಕ ತಲೆಯನ್ನು ಹಿಡಿಯುವ ಟ್ಯಾಪೆಟ್ ಸ್ಪ್ಯಾನರ್, ಫೀಲರ್ ಗೇಜ್. ಫೀಲರ್ ಗೇಜೆಂದರೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಎಲೆಗಳ ಕಟ್ಟು. ಒಂದೊಂದು ಎಲೆಯ ಮೇಲೂ ಅದರ ದಪ್ಪವನ್ನು ಕೆತ್ತಿರುತ್ತಾರೆ. ಇಕ್ಕಳ ಮಾತ್ರ ಸಲ್ಲದು. ನಟ್ಟಿನ ಅಂಚುಗಳನ್ನು ಸವೆಸಿ ಮುಂದೆ ಯಾವ ಸ್ಪ್ಯಾನರಿಗೂ ಸಿಗದಂತೆ ಮಾಡಿಬಿಡುತ್ತದೆ.

ಇದಕ್ಕೆ ತಕ್ಕ ಸಮಯ ಭಾನುವಾರದ ಮುಂಜಾನೆ. ರಾತ್ರಿಯೆಲ್ಲ ನಿಂತು ಯಂತ್ರ ಪೂರ್ತಿ ತಣ್ಣಗಾಗಿರಬೇಕು. ಸ್ಪಾರ್ಕ್ ಪ್ಲಗ್ಗನ್ನೂ ನೆತ್ತಿಯ ಎರಡು ಮುಚ್ಚಳಗಳನ್ನೂ ಬಿಚ್ಚಬೇಕು. ಎಡಬದಿಯ ಕವಚದ ಎರಡು ಬಿರಡೆಗಳನ್ನೂ ತೆಗೆದು, ಒಂದು ಕಿಂಡಿಯಲ್ಲಿ ಸಾಕೆಟ್ ತೂರಿಸಿ ಎಡಕ್ಕೆ ಮೆಲ್ಲನೆ ತಿರುಗಿಸಿದರೆ, ಇನ್ನೊಂದು ಕಿಂಡಿಯಲ್ಲಿ 'ಟಿ' ಗುರುತು ಕಾಣಿಸಿಕೊಳ್ಳುತ್ತದೆ. ಅದು ಕವಚದ ಗೀಟಿಗೆ ಸೇರಿದಾಗ ಪಿಸ್ಟನ್ ತುತ್ತತುದಿಯಲ್ಲಿರುತ್ತದೆ. ಆಗ ಎರಡು ರಾಕರ್ ತೋಳುಗಳೂ ಬೆರಳಿಗೆ ತುಸು ಅಲುಗಿದರೆ ಎರಡು ಬಾಗಿಲುಗಳೂ ಮುಚ್ಚಿವೆ ಎಂದರ್ಥ. ಅಲುಗದಿದ್ದರೆ ಇನ್ನೊಂದು ಪೂರ್ಣ ಸುತ್ತು ತಿರುಗಿಸತಕ್ಕದ್ದು.

ಬಳಿಕ ಲಾಕ್‌ನಟ್ಟನ್ನು ಸಡಿಲಿಸಿ, ಕೈಪಿಡಿ ಹೇಳುವ ದಪ್ಪದ ಎಲೆಯನ್ನು ಸಂದಿನಲ್ಲಿ ತೂರಿಸಿ, ತಿರುಪನ್ನು ಹದಗೊಳಿಸಬೇಕು. ಎಲೆ ಜಾರಿಬೀಳಲೂ ಬಾರದು, ಸಿಕ್ಕಿಕೊಳ್ಳಲೂ ಬಾರದು. ಎಳೆದಾಗ ಕೊಂಚ ತಡೆದು ಬರಬೇಕು. ತಿರುಪು ಹೊರಳದಂತೆ ಹಿಡಿದೇ ನಟ್ಟನ್ನು ಬಿಗಿಯಬೇಕು. ಬಿಗಿಯುವಾಗಲೇ ಅಂತರ ಕದಲುವುದುಂಟು. ಆದಕಾರಣ ಎಲೆಯನ್ನು ಮತ್ತೊಮ್ಮೆ ಹಾಕಿ ನೋಡದೆ ಮುಚ್ಚಳ ಮುಚ್ಚುವುದು ತರವಲ್ಲ.

ಎಲ್ಲವನ್ನೂ ಜೋಡಿಸಿ ಯಂತ್ರವನ್ನು ಚಾಲೂ ಮಾಡಿದಾಗ ಸಣ್ಣದೊಂದು ಟಿಕ್ ಸದ್ದು ಉಳಿದಿದ್ದರೆ ಸವಾರ ಕಳವಳಪಡಬೇಕಾಗಿಲ್ಲ. ಕೂದಲೆಳೆಯಷ್ಟು ಬಿಡುವು ಇನ್ನೂ ಇದೆಯೆಂದು ಯಂತ್ರ ತಾನೇ ತಿಳಿಸುತ್ತಿದೆ.