ಮೆಲ್ಲಗೆ ಮತ್ತು ಗಟ್ಟಿಯಾಗಿ

ನಮ್ಮ ಮನೆಗಳಲ್ಲಿ ಮಗುವಿಗೆ ವೀಣೆಯನ್ನು ತರಬೇಕಾದಾಗ ಅನುಸರಿಸುವ ಕ್ರಮವೊಂದುಂಟು: ಪಾಠ ಹೇಳುವವರನ್ನು ಮುಂದಿಟ್ಟುಕೊಂಡು ಅಂಗಡಿಗೆ ಹೋಗಿ, ಅವರು ಕೊಡವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಕೈಯಾಡಿಸಿ, ಬಿರಡೆ ಜಾರುವುದೋ ನಿಲ್ಲುವುದೋ ಎಂದು ತಿರುವಿ ಪರೀಕ್ಷಿಸಿ, 'ಇದು ಆಗಬಹುದು' ಎಂದ ಮೇಲೆಯೇ ನಮ್ಮ ಕೈ ಜೇಬಿಗೆ ಹೋಗುವುದು. ಅದೇ ಮನೆಯ ಮಗು ಪಿಯಾನೋ ಕಲಿಯತೊಡಗಿತೆಂದರೆ ಈ ವಿವೇಕವೆಲ್ಲ ಎಲ್ಲಿ ಅಡಗುವುದೋ ತಿಳಿಯದು. ಬೀರು ಕೊಳ್ಳುವವರಂತೆ ಮೈಬಣ್ಣವನ್ನು ನೋಡಿ, ಮೊಬೈಲು ಕೊಳ್ಳುವವರಂತೆ ಗುಂಡಿಗಳನ್ನು ಎಣಿಸಿ ತೃಪ್ತರಾಗಿಬಿಡುತ್ತೇವೆ. ಹೀಗೆ ತೃಪ್ತರಾದವರಲ್ಲಿ ನಾನೂ ಒಬ್ಬನಾದುದರಿಂದ, ಪರರ ಅವಿವೇಕವನ್ನು ಎತ್ತಿ ಆಡುವ ಅಧಿಕಾರ ನನಗಿಲ್ಲ. ನನ್ನದನ್ನು ಹೇಳಿಕೊಳ್ಳುವ ಅಧಿಕಾರ ಮಾತ್ರ ಧಾರಾಳವಾಗಿದೆ.

ಒಂಬತ್ತು ವರ್ಷದ ಮೊಮ್ಮಗಳು ಬೆಂಗಳೂರಿನ ರಿಚರ್ಡ್ಸ್ ಟೌನಿನಲ್ಲಿರುವ ಟೀಚರೊಬ್ಬರ ಮನೆಗೆ ಪ್ರತಿ ಶನಿವಾರ ಪಾಠಕ್ಕೆ ಹೋಗಲು ಆರಂಭಿಸಿದಾಗ, ಮನೆಯ ಅಭ್ಯಾಸಕ್ಕೆ ವಾದ್ಯವೊಂದನ್ನು ಒದಗಿಸುವ ಭಾರ, ದುಡಿಯುವ ಮಗಳು ಅಳಿಯಂದಿರಿಗೆ ಬಿಡುವಿಲ್ಲವೆಂಬ ಕಾರಣದಿಂದ, ನಿವೃತ್ತನಾದ ನನ್ನ ಪಾಲಿಗೆ ಬಂದಿತು. ಮೊದಲು ನನಗೆ ಹೊಳೆದದ್ದು ಅಟ್ಟದ ಮೇಲಿದ್ದ ನಮ್ಮ ತಂದೆಯವರ ಭಜನೆಯ ಹಾರ್ಮೋನಿಯಂ. ಕಂಪನಿ ನಾಟಕದವರು ತಮ್ಮ ಶ್ರುತಿಯನ್ನು 'ಬಿಳಿ ಎರಡು', 'ಕರಿ ನಾಲ್ಕು' ಎಂದು ಅದರ ಕೀಗಳಿಂದಲೇ ಗುರುತಿಸುತ್ತಿದ್ದುದನ್ನು ಕೇಳಿ ಬೆಳೆದ ನನಗೆ, ಅದೇ ಕರಿ, ಅದೇ ಬಿಳಿ ಪಿಯಾನೋದಲ್ಲಿಯೂ ಇರುವಾಗ ಭೇದವೇನು ಎನ್ನಿಸಿತು. ಮಗು ಮುಖ ಸಿಂಡರಿಸಿದ್ದರಿಂದ ಆ ವಿಚಾರವನ್ನು ಕೈಬಿಟ್ಟು, ಸುಮಾರು 12 ಸಾವಿರ ರೂಪಾಯಿಗೆ 61 ಕೀಗಳ ಒಂದು ಪೆಟ್ಟಿಗೆಯನ್ನು ಕೊಂಡುತಂದೆ. ಕೊಳಲು, ತುತ್ತೂರಿ, ಮಳೆಯ ಸದ್ದು, ನಾಯಿಯ ಬೊಗಳುವಿಕೆ ಮೊದಲಾದ ನೂರಾರು ಧ್ವನಿಗಳನ್ನು ಹೊರಡಿಸಬಲ್ಲ, ಗುಂಡಿಯೊತ್ತಿದರೆ ತಾನೇ ತಾಳ ಹಾಕುವ ಆ ಸರ್ವಜ್ಞ ಪೆಟ್ಟಿಗೆ ಮೊದಲ ವಾರ ಕೇರಿಯ ಮಕ್ಕಳನ್ನೆಲ್ಲ ನಮ್ಮ ಮನೆಗೆ ಸೆಳೆಯಿತು. ಮಧ್ಯಾಹ್ನ ನಾನು ಅಡ್ಡಾದಾಗ 'ತಾತ ಮಲಗಿದ್ದಾರೆ, ಮೆಲ್ಲಗೆ ಬಾರಿಸು' ಎಂದು ಮಗಳು ಹೇಳಿದರೆ, ಮಗು ಎಡಗೈಯಿಂದ ಒಂದು ತಿರುಪನ್ನು ಹಿಂದಕ್ಕೆ ತಿರುಗಿಸಿ ತನ್ನ ಪಾಡಿಗೆ ಮುಂದುವರಿಸುತ್ತಿತ್ತು. ಇದೆಂತಹ ಅನುಕೂಲವೆಂದು ನಾನು ಮನಸ್ಸಿನಲ್ಲಿಯೇ ಕೊಂಡಾಡಿದೆ.

ಮೂರು ತಿಂಗಳಾದ ಮೇಲೆ ಟೀಚರು ನನ್ನನ್ನು ಕರೆಸಿಕೊಂಡರು. ಮಗುವಿಗೆ ಸ್ವರಲಿಪಿ ಬಂದಿದೆ, ಕಾಲಪ್ರಮಾಣ ನಿಂತಿದೆ, ಆದರೆ ಎಲ್ಲ ಸ್ವರಗಳೂ ಒಂದೇ ಮುಖದವಾಗಿ ಹೊರಡುತ್ತವೆ, ನಮ್ಮ ಪಿಯಾನೋ ಮುಟ್ಟಿದರೆ ಕೈ ಬೇಗ ದಣಿಯುತ್ತದೆ ಎಂದು ಹೇಳಿ, "ತಪ್ಪು ಮಗುವಿನದಲ್ಲ ಸರ್, ಮನೆಯಲ್ಲಿ ಅವಳ ಬೆರಳಿಗೆ ಕೆಲಸವೇ ಇಲ್ಲ" ಎಂದರು. ಅಗ್ಗವೆಂದು ಮುಗ್ಗಿದ ಜೋಳ ತಂದವನ ಸ್ಥಿತಿ ನನ್ನದಾಯಿತು. ಆದರೂ ಬೆರಳಿನ ಕೆಲಸವೆಂದರೇನು ಎಂಬುದನ್ನು ಅರಿಯಬೇಕೆಂಬ ಕುತೂಹಲವೂ ಅಂದಿನಿಂದಲೇ ಹುಟ್ಟಿತು.

ಕ್ರಿ.ಶ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಮೆದಿಚಿ ರಾಜಮನೆತನದ ಆಶ್ರಯದಲ್ಲಿದ್ದ ಬಾರ್ಟೊಲೊಮಿಯೊ ಕ್ರಿಸ್ಟೊಫೊರಿ ಎಂಬ ವಾದ್ಯಶಿಲ್ಪಿ ಈ ಯಂತ್ರವನ್ನು ಕಲ್ಪಿಸಿದನು. ಅವನು 1720ರಲ್ಲಿ ಕಟ್ಟಿದ ಪಿಯಾನೋವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಅದಕ್ಕೆ ಹಿಂದಿನ ಹಾರ್ಪ್ಸಿಕಾರ್ಡಿನಲ್ಲಿ ಕೀಯನ್ನು ಒತ್ತಿದಾಗ ಹಕ್ಕಿಯ ಗರಿಯ ತುಣುಕೊಂದು ತಂತಿಯನ್ನು ಮೀಟುತ್ತಿತ್ತಾಗಿ, ಮೃದುವಾಗಿ ಒತ್ತಿದರೂ ಬಲವಾಗಿ ಒತ್ತಿದರೂ ನಾದ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು. ಕ್ರಿಸ್ಟೊಫೊರಿ ಗರಿಯನ್ನು ತೆಗೆದು ಪುಟ್ಟ ಸುತ್ತಿಗೆಯನ್ನಿಟ್ಟನು. ಅದು ತಂತಿಗೆ ತಗಲಿದೊಡನೆ ಹಿಂದೆ ಸರಿಯುವ ಉಪಾಯವನ್ನೂ ಕಂಡುಹಿಡಿದನು. ಹೀಗೆ ಹುಟ್ಟಿದ ವಾದ್ಯಕ್ಕೆ 'ಪಿಯಾನೊ ಎ ಫೋರ್ತೆ', ಎಂದರೆ ಮೆಲ್ಲಗೆ ಮತ್ತು ಗಟ್ಟಿಯಾಗಿ, ಎಂಬ ವಿಶೇಷಣ ಅಂಟಿಕೊಂಡು, ಕಾಲಕ್ರಮದಲ್ಲಿ ಅದರ ಮೊದಲರ್ಧವೇ ಹೆಸರಾಗಿ ನಿಂತಿತು. ನನ್ನ ಪೆಟ್ಟಿಗೆ ಕಳೆದುಕೊಂಡಿದ್ದುದು ಈ ಹೆಸರಿನ ಅರ್ಥವನ್ನೇ.

ಒಳಗಿನ ವ್ಯಾಪಾರ ಇಂತಿದೆ: ಕೀಯ ತುದಿ ಕೆಳಗಿಳಿಯುವುದು ಸುಮಾರು 10 ಮಿಲಿಮೀಟರು, ಅದನ್ನು ಇಳಿಸಲು ಬೇಕಾದುದು ಸುಮಾರು 50 ಗ್ರಾಂ ಭಾರ. ಆ ಅಲ್ಪ ಅವಕಾಶದಲ್ಲಿ ಬೆರಳು ಸುತ್ತಿಗೆಗೆ ಎಷ್ಟು ವೇಗವನ್ನು ಕೊಟ್ಟಿತೋ ಅದೇ ಸ್ವರದ ಬಲ. ಏಕೆಂದರೆ ತಂತಿಯನ್ನು ಮುಟ್ಟುವ ಮೊದಲೇ ಸುತ್ತಿಗೆ ಕೀಯ ಹಿಡಿತದಿಂದ ಬಿಡಿಸಿಕೊಂಡು, ಕವಣೆಯಿಂದ ಹೊರಟ ಕಲ್ಲಿನಂತೆ, ಸ್ವತಂತ್ರವಾಗಿ ಹಾರುತ್ತದೆ. ಹಾರ್ಮೋನಿಯಂನಲ್ಲಿ ಗಾಳಿಯೊತ್ತುವ ಎಡಗೈ ಮಾಡುವ ಕೆಲಸವನ್ನು ಇಲ್ಲಿ ಹತ್ತು ಬೆರಳುಗಳೂ ತಂತಮ್ಮ ಪಾಲಿಗೆ ತಾವೇ ಮಾಡಬೇಕು. ಬಲಗೈಯ ಕಿರುಬೆರಳು ಹಾಡುತ್ತಿರುವಾಗ ಅದೇ ಕೈಯ ಹೆಬ್ಬೆರಳು ತಗ್ಗಿ ನಡೆಯಬೇಕು. ಆದುದರಿಂದ ಮಗುವಿಗೆ ನಾವು ಕೊಳ್ಳಬೇಕಾದುದು ಮೊದಲು ಆ 50 ಗ್ರಾಂ ಭಾರವನ್ನು. ನಾದ, ಸೌಂದರ್ಯ, ಕೀರ್ತಿಗಳೆಲ್ಲ ಅದರ ತರುವಾಯ. ಅಗ್ಗದ ಪೆಟ್ಟಿಗೆಗಳಲ್ಲಿ ಕೀಯ ಕೆಳಗಿರುವುದು ಸುತ್ತಿಗೆಯಲ್ಲ, ಹಗುರವಾದ ಸ್ಪ್ರಿಂಗು. ಅದನ್ನು ಒತ್ತಲು ಬಲ ಬೇಡ, ವಿವೇಚನೆಯೂ ಬೇಡ.

ಹಾಗಾದರೆ ನಿಜವಾದ ಪಿಯಾನೋವನ್ನೇ ತಂದರಾಯಿತಲ್ಲ ಎಂಬ ಹುಮ್ಮಸ್ಸಿನಲ್ಲಿ, ದಂಡು ಪ್ರದೇಶದ ಹಳೆಯ ಬಂಗಲೆಯೊಂದರಲ್ಲಿ ಪರದೇಶಕ್ಕೆ ಹೊರಟುನಿಂತ ಕುಟುಂಬದವರು ಅಲ್ಪ ಬೆಲೆಗೆ ಕೊಡಲಿದ್ದ ಇಂಗ್ಲಿಷ್ ಪಿಯಾನೋವೊಂದನ್ನು ನೋಡಲು ಹೋದೆ. ಗೋಡೆಗೊರಗಿ ನಿಲ್ಲುವ ಬಗೆಯದು. ಕಪ್ಪು ಮರ, ಎರಡು ಕಡೆಯಲ್ಲೂ ಮೇಣದಬತ್ತಿಗೆಂದು ಹಿತ್ತಾಳೆಯ ಕೈಗಳು. ನಾನು ಅಲ್ಲಿಯೇ ಸೋತುಹೋಗಿದ್ದೆ. ದೈವವಶಾತ್ ಟೀಚರು ಹೇಳಿ ಕಳುಹಿಸಿದ ಶ್ರುತಿ ಮಾಡುವ ಮೇಸ್ತ್ರಿಯೊಬ್ಬರು ಜೊತೆಗಿದ್ದರು. ಅವರು ಮುಚ್ಚಳವನ್ನೆತ್ತಿ ಟಾರ್ಚು ಬಿಟ್ಟು ತೋರಿಸಿದ ಒಳಜಗತ್ತನ್ನು ನಾನು ಮರೆಯಲಾರೆ. ಇಂತಹ ವಾದ್ಯದಲ್ಲಿ ಸುಮಾರು 230 ತಂತಿಗಳಿದ್ದು, ಅವೆಲ್ಲವುಗಳ ಎಳೆತ ಒಟ್ಟುಗೂಡಿದರೆ 18 ಟನ್ನಿನಷ್ಟಾಗುವುದಾಗಿಯೂ, ಆ ಎಳೆತವನ್ನು ತಾಳುವುದಕ್ಕಾಗಿಯೇ ಒಳಗೆ ಎರಕದ ಕಬ್ಬಿಣದ ಚೌಕಟ್ಟು ಇರುವುದಾಗಿಯೂ ಅವರು ವಿವರಿಸಿದರು. ಆದರೆ ತಂತಿಗಳನ್ನು ಬಿಗಿಯುವ ಉಕ್ಕಿನ ಬಿರಡೆಗಳು ಹುದುಗಿರುವುದು ಮರದ ದಪ್ಪ ಹಲಗೆಯೊಂದರಲ್ಲಿ. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗಿ ದಶಕಗಳನ್ನು ಕಳೆದ ಆ ಹಲಗೆ ಸೀಳಿತೆಂದರೆ ಬಿರಡೆ ನಿಲ್ಲದು, ಬಿರಡೆ ನಿಲ್ಲದಿದ್ದರೆ ಶ್ರುತಿ ನಿಲ್ಲದು. ಅವರು ಒಂದು ಬಿರಡೆಯನ್ನು ತಿರುಗಿಸಿ ಕೈ ಬಿಟ್ಟೊಡನೆ ಅದು ಮೆಲ್ಲನೆ ಮೊದಲಿನ ಸ್ಥಾನಕ್ಕೆ ಜಾರಿತು. ಸುತ್ತಿಗೆಗಳ ಮೇಲಿನ ಉಣ್ಣೆಯನ್ನು ನುಸಿ ತಿಂದಿತ್ತು. ಕೆಳಗಿನ ಮೂಲೆಯಲ್ಲಿ ಇಲಿ ಸಂಸಾರ ಹೂಡಿ ಬಿಟ್ಟುಹೋದ ಗುರುತಿತ್ತು. ಪಕ್ಕದಲ್ಲಿ, ಮಳೆಗಾಲದ ತೇವವನ್ನು ಆರಿಸಲೆಂದು ಹಿಂದೆ ಯಾರೋ ಪುಣ್ಯಾತ್ಮರು ತೂಗಿಸಿದ್ದ ವಿದ್ಯುದ್ದೀಪದ ಹೋಲ್ಡರು ಅನಾಥವಾಗಿ ನೇತಾಡುತ್ತಿತ್ತು. "ಇದರ ಮೇಲೆ ಹೂದಾನಿ ಇಡಬಹುದು ಸರ್, ಚೆನ್ನಾಗಿ ಕಾಣುತ್ತದೆ" ಎಂದು ಮೇಸ್ತ್ರಿ ಮುಚ್ಚಳವನ್ನಿಳಿಸಿದರು.

ಹಳೆಯ ವಾದ್ಯಗಳೆಲ್ಲ ಹೀಗೆಯೇ ಎಂದು ಹೇಳುವುದು ಅನ್ಯಾಯವಾದೀತು. ಉಷ್ಣದೇಶಗಳ ಹವೆಗೆ ಅಂಟು ಬಿಟ್ಟುಕೊಳ್ಳುವುದನ್ನು ಅರಿತ ಕೆಲವು ಇಂಗ್ಲಿಷ್ ತಯಾರಕರು, ಅಂಟಿನೊಡನೆ ತಿರುಪುಮೊಳೆಗಳನ್ನೂ ಹಾಕಿ ಕಳುಹಿಸುತ್ತಿದ್ದ ಪಿಯಾನೋಗಳಲ್ಲಿ ಆರೈಕೆ ಕಂಡವು ಇನ್ನೂ ಬಾಳುತ್ತಿವೆ. ಜಪಾನಿನಿಂದ ಬಂದು ಇಲ್ಲಿ ದುರಸ್ತಿಯಾದ ಪಿಯಾನೋಗಳೂ ಸಿಗುತ್ತವೆ. ಅವುಗಳ ಬೆಲೆ ಒಂದು ಲಕ್ಷ ರೂಪಾಯಿಯನ್ನು ಮೀರುವುದು, ಹೊಸತಾದರೆ ಹಲವು ಲಕ್ಷ. ಇದಕ್ಕೆ ಮನಸ್ಸೂ ಹಣವೂ ಇರುವವರು ಎರಡು ಮಾತುಗಳನ್ನು ನೆನಪಿಡಬೇಕು. ಮೊದಲನೆಯದು, ಬೆಲೆ ಮಾತಾಡುವ ಮುನ್ನ ಶ್ರುತಿ ಮಾಡುವವರಿಗೆ ಅವರ ದಿನಗೂಲಿ ಕೊಟ್ಟು ಒಳಗನ್ನು ತೋರಿಸತಕ್ಕದ್ದು. ಎರಡನೆಯದು, ಕೊಂಡ ಬೆಲೆಯೇ ಕಡೆಯ ಬೆಲೆಯಲ್ಲ: 200 ಕಿಲೋಗ್ರಾಮಿಗೆ ಮೇಲ್ಪಟ್ಟ ಭಾರವನ್ನು ಮೂರನೆಯ ಅಂತಸ್ತಿಗೆ ಹೊತ್ತು ತರುವವರ ಕೂಲಿಯುಂಟು, ವರ್ಷಕ್ಕೆ ಎರಡು ಬಾರಿ ಶ್ರುತಿ ಮಾಡಿಸುವ ವೆಚ್ಚವುಂಟು, ಮಂಗಳೂರಿನಂತಹ ಕರಾವಳಿಯ ಊರಾದರೆ ತೇವದೊಡನೆ ಮುಗಿಯದ ಗುದ್ದಾಟವೂ ಉಂಟು. ಶ್ರುತಿ ತಪ್ಪಿದ ನಿಜ ಪಿಯಾನೋ ಬೆರಳನ್ನು ತಿದ್ದಿದರೂ ಕಿವಿಯನ್ನು ಕೆಡಿಸುತ್ತದೆ.

ಉಳಿದ ಮಾರ್ಗ ಡಿಜಿಟಲ್ ಪಿಯಾನೋ. ಅದರಲ್ಲಿ ತಂತಿಯಿಲ್ಲ, ನಿಜವಾದ ಪಿಯಾನೋದ ಸ್ವರಗಳನ್ನು ಮೊದಲೇ ಮುದ್ರಿಸಿಟ್ಟುಕೊಂಡು, ಕೀ ಇಳಿದ ವೇಗವನ್ನು ಅಳೆದು, ತಕ್ಕ ಧ್ವನಿಯನ್ನು ಹೊರಡಿಸುತ್ತದೆ. ಆದರೆ ಒಳ್ಳೆಯವುಗಳಲ್ಲಿ ಕೀಯ ಹಿಂದೆ ನಿಜವಾಗಿಯೇ ಪುಟ್ಟ ಸುತ್ತಿಗೆಯ ತೂಕವಿರುತ್ತದೆ; ಮಂದ್ರದ ಕಡೆ ಭಾರ ತುಸು ಹೆಚ್ಚು, ತಾರದ ಕಡೆ ತುಸು ಕಡಿಮೆ, ಮೂಲವಾದ್ಯದಲ್ಲಿ ಇರುವಂತೆಯೇ. ಯಮಾಹಾ, ಕವಾಯ್, ರೋಲೆಂಡ್, ಕ್ಯಾಸಿಯೋ ಎಂಬ ನಾಲ್ಕು ಜಪಾನೀ ಹೆಸರುಗಳು ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತವೆ. 88 ಕೀಗಳಿರುವ, ತೂಕದ ಕೀಲಿಮಣೆಯ, ಆರಂಭದ ದರ್ಜೆಯ ಪಿಯಾನೋ ಇಂದಿನ ಪೇಟೆಯಲ್ಲಿ ಸುಮಾರು 40ರಿಂದ 60 ಸಾವಿರ ರೂಪಾಯಿಗೆ ದೊರೆಯುತ್ತದೆ. ಶ್ರುತಿಯ ಖರ್ಚಿಲ್ಲ, ತೇವದ ಭೀತಿ ಕಡಿಮೆ, ಒಬ್ಬನೇ ಎತ್ತಿ ಇಡಬಹುದು, ಪರೀಕ್ಷೆಯ ಕಾಲದಲ್ಲಿ ಹೆಡ್‌ಫೋನು ಹಾಕಿಕೊಂಡು ರಾತ್ರಿಯೂ ಅಭ್ಯಾಸ ಮಾಡಬಹುದು.

ಎರಡನೆಯ ಸಲ ಅಂಗಡಿಗೆ ಹೋದಾಗ ನಾನು ಟೀಚರನ್ನು ಮುಂದಿಟ್ಟುಕೊಂಡೇ ಹೋದೆ. ಅವರು ಮಾಡಿದ ಮೊದಲ ಕೆಲಸವೆಂದರೆ ವಿದ್ಯುತ್ತನ್ನು ಆರಿಸಿಬಿಟ್ಟದ್ದು. ಅಂಗಡಿಯವನು ಬೆರಗಾಗಿ ನೋಡುತ್ತಿರಲು, ಸದ್ದಿಲ್ಲದ ಕೀಗಳ ಮೇಲೆ ಮಗುವಿನ ಕೈಯನ್ನು ನಡೆಸಿ, "ಎಡಗಡೆ ಹೆಚ್ಚು ಭಾರವೋ ಬಲಗಡೆಯೋ? ಒತ್ತಿದ ಕೀ ತಾನೇ ಮೇಲೆ ಬರುತ್ತದೆಯೋ?" ಎಂದು ಕೇಳಿದರು. ನಾದವನ್ನು ಮುಚ್ಚಿದರೆ ಮಾತ್ರ ಬೆರಳಿನ ಕಿವಿ ತೆರೆಯುತ್ತದೆ ಎಂಬುದು ನನಗೆ ಅಂದು ತಿಳಿಯಿತು. ಆಮೇಲೆ ವಿದ್ಯುತ್ತನ್ನು ಕೊಟ್ಟು, ಒಂದೇ ಕೀಯನ್ನು ಮೊದಲು ನಿದ್ರಿಸುವ ಮಗುವನ್ನು ಮುಟ್ಟಿದಂತೆ, ಬಳಿಕ ಬಾಗಿಲು ತಟ್ಟಿದಂತೆ ಬಾರಿಸಿ, ಸ್ವರದ ಗಾತ್ರ ಮಾತ್ರವಲ್ಲದೆ ಅದರ ವರ್ಣವೂ ಬದಲಾಗುವುದನ್ನು ಕೇಳಿಸಿದರು. ಕೊನೆಗೆ, ಬೆರಳೆತ್ತಿದರೂ ಸ್ವರವನ್ನು ಅಡಗಗೊಡದ ಕಾಲಿನ ಪೆಡಲನ್ನು ಒತ್ತಿ ಹಿಡಿದು ಕೆಳಗಿನಿಂದ ಮೇಲಕ್ಕೆ ಸ್ವರಗಳ ಮಳೆಗರೆದು, ಮೊದಲು ಹುಟ್ಟಿದವು ಅಕಾಲದಲ್ಲಿ ಅಡಗುವುವೋ ಎಂದು ಆಲಿಸಿದರು. ಏಕಕಾಲದಲ್ಲಿ ಎಷ್ಟು ಸ್ವರಗಳು ಬಾಳಬಲ್ಲವು ಎಂಬ ಲೆಕ್ಕ ಅಂಗಡಿಯ ಚೀಟಿಯ ಮೇಲೆ 64, 128, 192 ಎಂದು ಬರೆದಿರುತ್ತದೆ. ಕಲಿಯುವ ಮಗುವಿಗೆ 64 ಸಾಕು, 128 ಇದ್ದರೆ ಮುಂದಿನ ವರ್ಷಗಳಿಗೂ ಆಗುತ್ತದೆ. ಉಳಿದ ನೂರು ಧ್ವನಿ, ನೂರು ತಾಳ, ಮಿನುಗುವ ದೀಪಗಳ ವರ್ಣನೆಯನ್ನು ಅವರು ಕಿವಿಯ ಮೇಲೆ ಹಾಕಿಕೊಳ್ಳಲೇ ಇಲ್ಲ.

ಪರಿಕರಗಳ ವಿಷಯದಲ್ಲಿ ಜಿಪುಣತನ ಸಲ್ಲದು. ಕತ್ತರಿಯಂತೆ ಮಡಚುವ ಸ್ಟ್ಯಾಂಡು ಅಲುಗಾಡುವುದಲ್ಲದೆ ಮಗುವಿನ ಮೊಣಕಾಲಿಗೂ ತಗಲುತ್ತದೆ. ನಾಲ್ಕು ಕಾಲಿನ ಗಟ್ಟಿ ಆಧಾರವೇ ಲೇಸು. ಕುಳಿತಾಗ ಮೊಣಕೈ ಕೀಲಿಮಣೆಯ ಮಟ್ಟಕ್ಕೆ ಬರಬೇಕು, ಕಾಲು ನೇತಾಡದೆ ಒಂದು ಮಣೆಯ ಮೇಲೆ ಊರಬೇಕು. ಜೊತೆಗೆ ಪುಕ್ಕಟೆ ಬರುವ ಚೌಕಾಕಾರದ ಪೆಡಲು ನೆಲದ ಮೇಲೆ ಓಡಾಡುತ್ತದೆ. ಪೆಡಲಿನ ಪಾಠ ಬರುವ ಹೊತ್ತಿಗೆ ಭಾರವಾದ ಲೋಹದ ಪೆಡಲನ್ನು ತಂದರಾಯಿತು. ಹೆಡ್‌ಫೋನು ಹಾಕಿದರೂ ಕೀಗಳ ಕುಟ್ಟುವಿಕೆ ನೆಲದ ಮೂಲಕ ಕೆಳಮನೆಗೆ ಇಳಿಯುವುದರಿಂದ, ಅಡಿಯಲ್ಲಿ ದಪ್ಪನೆಯ ಜಮಖಾನವೊಂದನ್ನು ಹಾಸುವುದು ನೆರೆಹೊರೆಯ ಧರ್ಮ.

ಈ ಖರ್ಚನ್ನು ಕೇಳಿದ ಮಿತ್ರರು ಎರಡು ಆಕ್ಷೇಪಗಳನ್ನೆತ್ತಿದರು. ಮಗು ಆರು ತಿಂಗಳಿಗೆ ಬಿಟ್ಟುಬಿಟ್ಟರೆ ಎಂಬುದು ಒಂದು. ಬಿಡಬಹುದು, ಆದರೆ ಕೆಲಸಕ್ಕೆ ಬಾರದ ವಾದ್ಯವನ್ನು ಮುಂದಿಟ್ಟು ವಿದ್ಯೆ ಬರಲಿಲ್ಲವೆಂದು ಮಗುವನ್ನು ದೂರುವುದಕ್ಕಿಂತ, ತಕ್ಕ ವಾದ್ಯವನ್ನು ಕೊಟ್ಟು, ಬಿಟ್ಟ ದಿನ ಅದನ್ನು ಇನ್ನೊಂದು ಮಗುವಿಗೆ ಅರ್ಧಬೆಲೆಗೆ ದಾಟಿಸುವುದು ನ್ಯಾಯ. ಪಿಯಾನೋ ನಮ್ಮದಲ್ಲವಲ್ಲ ಎಂಬುದು ಎರಡನೆಯದು. ಗಮಕವನ್ನು ನುಡಿಸಲಾರದ ವಾದ್ಯವದು, ನಿಜ. ಆದರೂ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ಮೈಸೂರಿನ ಜಯಚಾಮರಾಜ ಒಡೆಯರೇ ಪಿಯಾನೋವನ್ನು ಶ್ರದ್ಧೆಯಿಂದ ಕಲಿತವರು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ಧ್ವನಿಮುದ್ರಿಸಲು ದ್ರವ್ಯಸಹಾಯ ಮಾಡಿದವರು. ಆತ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೊವನ್ನು ಅರ್ಪಿಸಿದ್ದು ಈ ಮಹಾರಾಜರಿಗೆ. ಒಬ್ಬ ಮನುಷ್ಯನಲ್ಲಿ ಎರಡು ವಿದ್ಯೆಗಳು ಜಗಳವಿಲ್ಲದೆ ಬಾಳಿದ ಮೇಲೆ, ಎರಡು ಕೋಣೆಯ ನಮ್ಮ ಮನೆಯಲ್ಲಿ ಬಾಳಲಾರವೆ?

ಹೊಸ ಪಿಯಾನೋ ಬಂದ ಮೊದಲ ತಿಂಗಳು ಮಗುವಿಗೆ ಅದು ಹಿಡಿಸಲಿಲ್ಲವೆಂಬುದನ್ನು ಮುಚ್ಚಿಡಲಾರೆ. ಬೆರಳು ನೋಯುತ್ತದೆಂದಿತು, ನಾಯಿ ಬೊಗಳುವ ಗುಂಡಿ ಎಲ್ಲಿ ಎಂದು ಕೇಳಿತು. ಕ್ರಮೇಣ ದೂರು ನಿಂತಿತು. ನಾನೂ ಆ ವಿಷಯವನ್ನು ಮರೆತೆ. ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಅಡ್ಡಾಗಿದ್ದೆ. ಹಜಾರದಲ್ಲಿ ಅಭ್ಯಾಸ ನಡೆದಿತ್ತು. 'ತಾತ ಮಲಗಿದ್ದಾರೆ' ಎಂದು ಮಗಳು ಅಡುಗೆಮನೆಯಿಂದ ಹೇಳಿದಳು. ತಿರುಪಿನ ಸದ್ದಿಗಾಗಿ ಕಾದೆ, ಬರಲಿಲ್ಲ. ಅದೇ ಹಾಡು, ತಡೆಯಿಲ್ಲದೆ, ನಡುವಿನ ಸಾಲಿನಿಂದಲೇ ತಗ್ಗಿ, ಎರಡು ಕೈಗಳೂ ತುದಿಗಾಲಲ್ಲಿ ನಡೆದಂತೆ ಕೊನೆಯವರೆಗೆ ಹೋಯಿತು. ನಾನು ಮಲಗಿರಲಿಲ್ಲವೆಂಬುದನ್ನು ಮಗುವಿಗೆ ಇನ್ನೂ ಹೇಳಿಲ್ಲ.