ಉಳಿಯನ್ನು ಕೆಳಗಿಟ್ಟ ಬಡಗಿ

ಗುರುಗುಂಟಾ ಸೀಮೆಯ ಸಂಸಾರಸ್ಥರಾದ ನಮಗೆ ಭಾನುವಾರವೊಂದೇ ಬಿಡುವು. ಮಳೆಗಾಲಕ್ಕೆ ಮುನ್ನ ಮಾಳಿಗೆಯ ಸೋರಿಕೆ ಮುಚ್ಚಬೇಕು, ಬಾಗಿಲ ಬಿಜಾಗರಿ ಬಿಗಿಯಬೇಕು, ಗೋಡೆಗೆ ಸುಣ್ಣ ಬಳಿಯಬೇಕು. ಅದೇ ದಿನ ಲಿಂಗಸುಗೂರು ದಾಟಿ ಮುದಗಲ್ಲಿನ ಬಲಿಪೂಜೆಗೂ ಹೋಗಬೇಕು. ಮನೆಯೋ ದೇವಾಲಯವೋ ಎಂಬ ತೂಗಾಟ ನಮ್ಮಲ್ಲಿ ಹಲವರದು.

ಮುದಗಲ್ಲಿನಲ್ಲಿ ಬಿಜಾಪುರದ ಆದಿಲ್‌ಶಾಹಿ ಅರಸರ ಕಾಲದಿಂದಲೂ ಕಥೋಲಿಕರಿದ್ದಾರೆ. ಕೋಟೆಯ ಒಡೆಯರು ಅಳಿದರು, ವಿಶ್ವಾಸ ಉಳಿಯಿತು. ಅಮರೇಶ್ವರನ ಜಾತ್ರೆಗೆ ಭಕ್ತರು ದೂರದಿಂದ ಬರುವುದನ್ನು ಕಾಣುವ ನಮಗೆ ದಾರಿಯೂ ಭಕ್ತಿಯ ಭಾಗವೆಂದು ಬೇರೆ ಹೇಳಬೇಕಿಲ್ಲ.

ಸಂತ ಜೋಸೆಫರನ್ನು ನೆನೆಯೋಣ. ಶುಭಸಂದೇಶಗಳಲ್ಲಿ ಅವರಾಡಿದ ಒಂದು ಮಾತೂ ಇಲ್ಲ. ಇರುವುದೆಲ್ಲ ಅವರು ಮಾಡಿದ ಕಾರ್ಯ. ಅವರ ದುಡಿಮೆಯನ್ನು ಗೌರವಿಸಿ ಜಗದ್ಗುರು ಹನ್ನೆರಡನೆಯ ಪಯಸ್‌ರು 1955ರಲ್ಲಿ ಮೇ 1ನ್ನು ಶ್ರಮಿಕ ಸಂತ ಜೋಸೆಫರ ಹಬ್ಬವಾಗಿಸಿದರು. ಆದರೆ ಆ ಬಡಗಿಯೇ ವರ್ಷವರ್ಷವೂ ಉಳಿಯನ್ನು ಕೆಳಗಿಟ್ಟು ಮರಿಯಮ್ಮನವರೊಡನೆ ಪಾಸ್ಖ ಹಬ್ಬಕ್ಕೆ ಜೆರುಸಲೇಮಿಗೆ ಹೊರಡುತ್ತಿದ್ದರೆಂದು ಲೂಕನು ಬರೆದಿದ್ದಾನೆ. ಹನ್ನೆರಡು ವರ್ಷದ ಬಾಲಯೇಸುವೂ ಆ ದಾರಿಯಲ್ಲಿ ನಡೆದನು.

ಮಾಳಿಗೆಗೆ ಶನಿವಾರದ ಸಂಜೆಯಿದೆ, ನೆರೆಯವರ ಕೈಯಾಸರೆಯಿದೆ. ಭಾನುವಾರ ಮಕ್ಕಳೊಡನೆ ಬಸ್ಸು ಹತ್ತೋಣ. ಸುಣ್ಣ ಮುಂದಿನ ಮಳೆಗೆ ತೊಳೆದುಹೋದೀತು. ತಂದೆಯ ಕೈಹಿಡಿದು ಹೋದ ದಾರಿಯನ್ನು ಮಕ್ಕಳು ಮರೆಯರು.